ಕ್ರೋಂಪೇಟೆಯ ಚೌಕದ ಮನೆಗೆ ಇನ್ನೊಂದು ಮಾಡು

ನವೆಂಬರಿನ ಒಂದು ಶುಕ್ರವಾರ ಬೆಳಗಿನ ಐದೂವರೆಗೆ ತುಮಕೂರಿನಿಂದ ಬೆಂಗಳೂರಿಗೆ ಬಸ್ಸು ಹತ್ತಿದೆ. ಬೆನ್ನಿಗೆ ಹಾಕಿದ್ದ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಸಿಲಿಕೋನ್ ಟ್ಯೂಬುಗಳಿದ್ದವು. ಗೋಡೆಯ ಸಂದುಗಳಿಗೆ ತುಂಬುವ ಅಂಟು ಅದು. ಚೆನ್ನೈಯಲ್ಲಿ ನಾನು ಕಟ್ಟಿಸಿಕೊಟ್ಟ ಮನೆ ಮಳೆಗೆ ಸೋರುತ್ತಿದೆ, ಎರಡು ದಿನ ಇದ್ದು ಸರಿಮಾಡಿ ಬರೋಣ ಎಂದು ಹೊರಟಿದ್ದೆ.

ಫೋನು ಮಾಡಿದ್ದವರು ಆ ಮನೆಯ ನಾಗರತ್ನ. ಹಾಸನದ ಕಡೆಯವರು, ಚೆನ್ನೈಯ ಬ್ಯಾಂಕೊಂದರಲ್ಲಿ ಕೆಲಸ. "ಮಳೆ ಬರೋ ದಿನ ನೋಡ್ಕೊಂಡು ಬನ್ನಿ ಮೇಡಂ. ಬಿಸಿಲಲ್ಲಿ ಬಂದ್ರೆ ನಿಮಗೇನೂ ತಿಳಿಯಲ್ಲ" ಎಂದಿದ್ದರು. ಎಲ್ಲಿ ಸೋರುತ್ತದೆ ಎಂದು ಕೇಳಿದರೆ ಸರಿಯಾಗಿ ಹೇಳಿರಲಿಲ್ಲ.

ಮನೆಯ ವಿಷಯ ಇಲ್ಲೇ ಹೇಳಿಬಿಡುತ್ತೇನೆ. ನಾನು ವಾಸ್ತುಶಿಲ್ಪಿ. ಹನ್ನೆರಡು ವರ್ಷಗಳಿಂದ ಒಂದೇ ನಮೂನೆಯನ್ನು ತಿದ್ದುತ್ತ ಬಂದಿದ್ದೇನೆ: ಹನ್ನೆರಡು ಅಡಿ ಉದ್ದ, ಹನ್ನೆರಡು ಅಡಿ ಅಗಲದ ಚೌಕದ ಕೋಣೆ. ನಾಲ್ಕು ಉಕ್ಕಿನ ಕಂಬ, ಎರಡು ತಗಡುಗಳ ನಡುವೆ ಫೋಮ್ ತುಂಬಿದ ಹಲಗೆಗಳ ಗೋಡೆ, ಅದೇ ಹಲಗೆಯ ಚಪ್ಪಟೆ ಮಾಡು. ಎಲ್ಲವನ್ನೂ ತುಮಕೂರಿನ ನಮ್ಮ ಶೆಡ್ಡಿನಲ್ಲಿ ಮಾಡಿ, ಲಾರಿಯಲ್ಲಿ ಸಾಗಿಸಿ, ನಿವೇಶನದಲ್ಲಿ ಬೋಲ್ಟು ಬಿಗಿಯುವುದು. ಎರಡು ಕೋಣೆ ಸಾಕೆಂದರೆ ಎರಡು ಚೌಕ, ಆರು ಬೇಕೆಂದರೆ ಆರು. ಹಿರಿಯೂರು, ಚಳ್ಳಕೆರೆ ಕಡೆಯ ಒಣ ಬಯಲಿನಲ್ಲಿ ಅವು ಬಿಳಿ ಸಕ್ಕರೆ ಅಚ್ಚಿನ ಹಾಗೆ ಕೂತಿವೆ. ಗೋಡೆ ಎಲ್ಲಿ ಮುಗಿಯುತ್ತದೋ ಮಾಡೂ ಅಲ್ಲೇ ಮುಗಿಯಬೇಕು, ಒಂದು ಇಂಚೂ ಹೊರಗೆ ಚಾಚಬಾರದು ಎಂಬುದು ನನ್ನ ಹಟ.

ಬೆಂಗಳೂರಿನಿಂದ ಚೆನ್ನೈಗೆ ಮುನ್ನೂರ ಅರವತ್ತು ಕಿಲೋಮೀಟರು. ಹಗಲು ರೈಲಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಜೋಲಾರ್‌ಪೇಟೆಯವರೆಗೆ ಬಿಸಿಲು, ಕಾಟ್ಪಾಡಿಯಲ್ಲಿ ಮೋಡ, ಅರಕ್ಕೋಣಂ ಬರುವಷ್ಟರಲ್ಲಿ ಹೊಲಗಳೆಲ್ಲ ಕೆರೆ. ಚೆನ್ನೈಯಲ್ಲಿ ಇಳಿದು ಎಗ್ಮೋರ್‌ನ ಲಾಡ್ಜಿಗೆ ಹೋದರೆ ಕೋಣೆಯ ಬೀರುವಿನ ಬಾಗಿಲು ತೆಗೆಯಲು ಬರಲಿಲ್ಲ. ಲಾಡ್ಜಿನ ಹುಡುಗ ಮೊಣಕಾಲು ಕೊಟ್ಟು ಎಳೆದು, "ಮಳೆಗಾಲ ಮೇಡಂ, ಮರ ಊದಿಕೊಂಡಿರುತ್ತೆ" ಎಂದು ತಮಿಳಿನಲ್ಲಿ ಹೇಳಿ ಹೋದ. ಒಗೆದು ಹಾಕಿದ ಕರ್ಚೀಫು ಮರುದಿನ ಬೆಳಿಗ್ಗೆಯೂ ಹಸಿಯಾಗಿಯೇ ಇತ್ತು.

ಶನಿವಾರ ಲೋಕಲ್ ರೈಲಿನಲ್ಲಿ ಕ್ರೋಂಪೇಟೆಗೆ ಹೋದೆ. ಹತ್ತು ರೂಪಾಯಿ ಟಿಕೆಟ್ಟು, ಮುಕ್ಕಾಲು ಗಂಟೆಯ ದಾರಿ. ನಿಲ್ದಾಣದಿಂದ ಆಚೆ ಬೀದಿಗಳಲ್ಲಿ ಪಾದ ಮುಳುಗುವಷ್ಟು ನೀರಿತ್ತು. ಮನೆಯ ಬಾಗಿಲಲ್ಲಿ ನಾಗರತ್ನ ಅವರ ಗಂಡ ಶ್ರೀಧರ್ ನಿಂತಿದ್ದರು.

"ಬನ್ನಿ ಮೇಡಂ. ಚಪ್ಪಲಿ ಎಡಗಡೆಗೆ ಬಿಡಿ, ಇಲ್ಲಾಂದ್ರೆ ನಾನೇ ಎಡವಿ ಬಿದ್ದೋಯ್ತೀನಿ" ಎಂದು ನಕ್ಕರು.

ಶ್ರೀಧರ್ ಅವರಿಗೆ ಒಂಬತ್ತನೆಯ ವಯಸ್ಸಿನಿಂದ ಕಣ್ಣು ಕಾಣುವುದಿಲ್ಲ. ಅಪ್ಪ ಮಂಡ್ಯದಿಂದ ರೈಲ್ವೆ ಕೆಲಸಕ್ಕೆಂದು ಬಂದವರು. ಇವರೂ ರೈಲ್ವೆಯಲ್ಲೇ, ಎಗ್ಮೋರ್‌ನ ಕಚೇರಿಯೊಂದರಲ್ಲಿ ಟೆಲಿಫೋನ್ ಆಪರೇಟರ್. ನಾಲ್ಕು ಚೌಕಗಳ ಈ ಮನೆಯನ್ನು ಆರಿಸಿಕೊಂಡವರು ಅವರೇ. ಯಾವ ಗೋಡೆಯಿಂದ ಯಾವ ಗೋಡೆಗಾದರೂ ಆರು ಹೆಜ್ಜೆ, ಬಾಗಿಲು ಎಲ್ಲ ಕಡೆಯೂ ನಡುವೆ, ಅಂದರೆ ಮೂರು ಹೆಜ್ಜೆಗೆ. "ಒಂದು ರೂಮು ಕಲ್ತ್ರೆ ಇಡೀ ಮನೆ ಕಲ್ತಂಗೆ" ಎಂದು ಮೊದಲ ಸಲ ನಕ್ಷೆಯ ಮೇಲೆ ಬೆರಳಾಡಿಸಿದಾಗಲೇ ಹೇಳಿದ್ದರು. ಆ ಮಾತನ್ನು ನಾನು ಬೆಂಗಳೂರಿನ ಒಂದು ಸಭೆಯಲ್ಲಿ ಹೇಳಿ, ಈ ಮನೆಯ ಚಿತ್ರ ತೋರಿಸಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದೆ.

ಈಗ ಅವರ ಹಣೆಯ ಮೇಲೆ ಹುಬ್ಬಿನ ಹತ್ತಿರ ಮಾಯುತ್ತಿರುವ ಗಾಯವಿತ್ತು. ಕೇಳಿದರೆ, "ಏನಿಲ್ಲ, ತಗುಲ್ತು" ಎಂದರು.

ಸೋರುವಲ್ಲಿ ಗುರುತು ಹಾಕಲು ಸೀಮೆಸುಣ್ಣದ ಕಡ್ಡಿ ಹಿಡಿದು ಮನೆಯೆಲ್ಲ ಸುತ್ತಿದೆ. ನಡುಮನೆಯ ಮೂಲೆಯಲ್ಲಿ ಗೋಡೆಯ ಬದಲು ಹಾಕಿದ್ದ ಎರಡು ಗಾಜುಗಳು ಕೂಡುವ ಕಡೆ ನೀರಿನ ಕಲೆ ಇತ್ತು. "ಅಲ್ಲಿ ಸಾರಲ್ ಹೊಡೆಯತ್ತೆ" ಎಂದರು ನಾಗರತ್ನ. ನಾವು ಎರಚಲು ಎನ್ನುತ್ತೇವಲ್ಲ, ಗಾಳಿಗೆ ಓರೆಯಾಗಿ ಬಂದು ಬಡಿಯುವ ಮಳೆ, ಅದಕ್ಕೆ ಇಲ್ಲಿ ಆ ತಮಿಳು ಮಾತೇ ನಡೆಯುತ್ತದೆ. ಒಂದೂವರೆ ಗಂಟೆಯಲ್ಲಿ ಸಂದುಗಳಿಗೆಲ್ಲ ಅಂಟು ತುಂಬಿ ಮುಗಿಸಿದೆ. ಇಷ್ಟಕ್ಕೆ ಇಷ್ಟು ದೂರ ಕರೆಸಿದರಲ್ಲ ಎಂದು ಒಳಗೊಳಗೇ ಅಂದುಕೊಂಡದ್ದೂ ನಿಜ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಳೆ ಶುರುವಾಯಿತು. ಮೊದಲು ಮಾಡಿನ ಮೇಲೆ ಜೋಳ ಸುರಿದಂತೆ, ಅರೆ ನಿಮಿಷದಲ್ಲಿ ಜಲ್ಲಿ ಸುರಿದಂತೆ. ಎದುರಿಗೇ ಕೂತ ನಾಗರತ್ನ ಏನೋ ಕೇಳಿದರು, ತುಟಿ ಆಡಿದ್ದಷ್ಟೇ ಕಂಡಿತು. ಶ್ರೀಧರ್ ಅಡುಗೆಮನೆಯಿಂದ ಮಜ್ಜಿಗೆಯ ಪಾತ್ರೆ ಹಿಡಿದು ಬರುತ್ತಿದ್ದವರು ನಡುವೆಯೇ ನಿಂತುಬಿಟ್ಟರು. ಒಂದು ಹೆಜ್ಜೆ ಮುಂದಿಟ್ಟು ಹಿಂದೆ ತೆಗೆದುಕೊಂಡರು. ಪಾತ್ರೆಯನ್ನು ಎದೆಗೆ ಒತ್ತಿಕೊಂಡು, ಗುರುತಿಲ್ಲದ ಊರಿನಲ್ಲಿ ಬಸ್ಸಿನಿಂದ ಇಳಿದವರ ಹಾಗೆ ಮುಖವನ್ನು ಆ ಕಡೆ ಈ ಕಡೆ ತಿರುಗಿಸುತ್ತಿದ್ದರು. ನಾಗರತ್ನ ಎದ್ದು ಹೋಗಿ ಮೊಣಕೈ ಹಿಡಿದು ಕರೆತಂದು ಕೂರಿಸಿದರು.

ಕಾಲೇಜಿಗೆ ಹೋಗುವ ಮಗಳು ಕಾವ್ಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು. ಮಳೆ ಇಳಿದ ಮೇಲೆ ನನ್ನತ್ತ ನೋಡಿ, "ಮಳೆ ವಂದಾ ಅಪ್ಪಾ ಒರೇ ಎಡತ್ತುಲ ಉಕ್ಕಾಂದುಡುವಾರು" ಎಂದಳು. ಮಳೆ ಬಂದರೆ ಅಪ್ಪ ಒಂದೇ ಜಾಗದಲ್ಲಿ ಕೂತುಬಿಡುತ್ತಾರೆ ಎಂದು.

"ಏ ಕಾವ್ಯಾ" ಎಂದು ನಾಗರತ್ನ ಗದರಿದರು.

"ಇರ್ಲಿ ಬಿಡು" ಎಂದ ಶ್ರೀಧರ್ ನನ್ನ ಕಡೆ ತಿರುಗಿದರು. "ನೋಡಿ ಮೇಡಂ, ನನಗೆ ಹೆಜ್ಜೆ ಲೆಕ್ಕ ಒಂದೇ ಸಾಲದು. ಗೋಡೆ ಹತ್ರ ಬಂದ್ರೆ ಸದ್ದು ಬೇರೆ ಆಯ್ತದೆ, ಬಾಗಿಲು ತೆಗೆದಿದ್ರೆ ಬೇರೆ. ಕಿವಿಯಲ್ಲೇ ನೋಡದು ನಾನು. ಮಳೆ ಹುಯ್ದ್ರೆ ನಿಮ್ಮ ತಗಡು ಡೋಲು ಬಡಿತದೆ. ಮನೆನೇ ಇಲ್ದಂಗೆ ಆಗೋಯ್ತದೆ. ಹೋದ ವಾರ ಆ ಗಾಜಿನ ಮೂಲೆಗೆ ಹೋಗಿ ಹಣೆ ಕೊಟ್ಟೆ."

"ಫೋನಲ್ಲೇ ಹೇಳಬಹುದಿತ್ತಲ್ಲ ಸಾರ್?"

"ಅಷ್ಟು ಪ್ರೀತಿಯಿಂದ ಕಟ್ಟಿಕೊಟ್ರಿ. ಹೆಂಗೆ ಹೇಳದು?"

ಸಭೆಯಲ್ಲಿ ಅವರ ಮಾತನ್ನು ಹೇಳಿ ಮೆರೆದ ನಾನು ಅವರು ಹೇಗೆ ನಡೆಯುತ್ತಾರೆಂದು ಒಮ್ಮೆಯೂ ಕೇಳಿರಲಿಲ್ಲ.

ಕೂಡಲೇ ಉಪಾಯ ಹುಡುಕುವುದು ನನ್ನ ಚಾಳಿ. ಒಳಗಡೆ ಹತ್ತಿಯಂಥದ್ದನ್ನು ತುಂಬಿ ಇನ್ನೊಂದು ಒಳಛಾವಣಿ ಕೂರಿಸಿದರೆ ಸದ್ದು ನಿಲ್ಲುತ್ತದೆ ಎಂದೆ. ನಾಗರತ್ನ ಗೋಡೆಗೆ ತಾಗಿಸಿದ್ದ ಕಪಾಟು ತೆರೆದು ಒಂದು ಸೀರೆ ತೆಗೆದು ತೋರಿಸಿದರು. ಮಡಿಕೆಯುದ್ದಕ್ಕೂ ಹಸಿರು ಬೂಷ್ಟು. "ಇಲ್ಲಿ ಗಾಳಿಯಾಡದ ಹಾಗೆ ಏನು ಮುಚ್ಚಿದ್ರೂ ಹಿಂಗೇ ಆಗತ್ತೆ. ತಲೆ ಮೇಲೆ ಹತ್ತಿ ತುಂಬಿಟ್ಟರೆ ನಾಳೆ ಅದೂ ಕೊಳೆಯತ್ತೆ."

ಹೊರಡುವಾಗ ಶ್ರೀಧರ್ ಹೇಳಿದರು: "ನಾಳೆ ಭಾನುವಾರ. ಕಾಸಿಮೇಡಿಗೆ ಮೀನು ತರಕ್ಕೆ ಹೋಯ್ತೀನಿ. ನೀವೂ ಬನ್ನಿ. ಅಲ್ಲೊಂದು ಜಾಗ ಅದೆ, ಎಷ್ಟು ಮಳೆ ಬಂದ್ರೂ ಮಾತು ಕೇಳ್ತದೆ."

ಬೆಳಗಿನ ಲೋಕಲ್‌ನಲ್ಲಿ ಅವರು ಕ್ರೋಂಪೇಟೆಯಿಂದ ಬಂದರು, ನಾನು ಎಗ್ಮೋರ್‌ನಲ್ಲಿ ಅದೇ ಬೋಗಿ ಹತ್ತಿಕೊಂಡೆ. ಕೊನೆಯ ನಿಲ್ದಾಣ ಬೀಚ್‌ನಲ್ಲಿ ಇಳಿದು ಆಟೋ ಹಿಡಿದೆವು. ಕಾಸಿಮೇಡಿನ ಬಂದರಿನಲ್ಲಿ ಹರಾಜು ಜೋರಾಗಿತ್ತು. ಬುಟ್ಟಿ ಬುಟ್ಟಿ ಮೀನಿನ ಸುತ್ತ ಹೆಂಗಸರು, ಗಂಡಸರು ಒಂದೇ ಉಸಿರಿಗೆ ಕೂಗುತ್ತಿದ್ದರು. ನನಗೆ ಅದೆಲ್ಲ ಬರೀ ಗದ್ದಲ. ಶ್ರೀಧರ್ ಮಾತ್ರ ನನ್ನ ತೋಳು ಹಿಡಿದುಕೊಂಡೇ, "ಬಲಕ್ಕೆ ನಡೀರಿ, ಆ ಗೊಗ್ಗರು ದನಿಯಮ್ಮನ ಹತ್ರ ವಂಜಿರಂ ಮೀನು ಚೆನ್ನಾಗಿರ್ತದೆ" ಎಂದು ನನ್ನನ್ನೇ ನಡೆಸಿದರು. ಎರಡು ಕಿಲೋ ಮೀನು ಚೀಲಕ್ಕೆ ಬಿತ್ತು.

ಅವರು ಹೇಳಿದ ಜಾಗ ದೋಣಿ ರಿಪೇರಿಯ ಒಂದು ಶೆಡ್ಡು. ಅದರ ಮಾಲೀಕ ಆರೋಕ್ಯಂ ಶ್ರೀಧರ್ ಅವರ ಹಳೆಯ ಗೆಳೆಯ. ತಲೆ ಬಗ್ಗಿಸಿ ಒಳಗೆ ಹೋಗಬೇಕು, ಸೂರು ಅಷ್ಟು ಕೆಳಗಿಳಿದಿತ್ತು. ಚಹಾ ಕುಡಿಯುತ್ತಿರುವಾಗಲೇ ಮಳೆ ಬಂತು, ನಿನ್ನೆಯಷ್ಟೇ ಜೋರು. ಎದುರಿನ ಐಸ್ ಗೋದಾಮಿನ ತಗಡು ಭೋರ್ಗರೆಯುತ್ತಿತ್ತು. ನಮ್ಮ ತಲೆಯ ಮೇಲೆ ಮಾತ್ರ ಯಾರೋ ಮೊರದಲ್ಲಿ ಅಕ್ಕಿ ಕೇರಿದ ಹಾಗೆ ಮೆತ್ತಗಿನ ಸದ್ದು.

"ಕೇಳ್ತಾ ಅದಾ?" ಎಂದರು ಶ್ರೀಧರ್.

ಮೇಲೆ ನೋಡಿದರೆ ಅಲ್ಲಿಯೂ ತಗಡೇ. ಹೊರಗೆ ಬಂದು ನೆನೆಯುತ್ತ ನೋಡಿದೆ. ತಗಡಿನ ಮೇಲೆ ಮೊಳದಷ್ಟು ಜಾಗ ಬಿಟ್ಟು, ಆರೋಕ್ಯಂ ಬಿದಿರಿನ ಹಂದರದ ಮೇಲೆ ಹೆಣೆದ ತೆಂಗಿನ ಗರಿ ಹೊದಿಸಿದ್ದ. ಇಲ್ಲಿ ಅದಕ್ಕೆ ಕೀತು ಎನ್ನುತ್ತಾರೆ. ಗರಿಯ ಮಾಡು ಗೋಡೆಗಿಂತ ಮೂರಡಿ ಹೊರಗೆ ಚಾಚಿತ್ತು, ಹಾಗಾಗಿ ಗೋಡೆಯ ಬುಡ ಕೂಡ ಒಣಗಿತ್ತು. ನಡುವಿನ ಸಂದಿಗೆ ಕೈ ಹಾಕಿದೆ. ಗಾಳಿ ಆಡುತ್ತಿತ್ತು.

ಆರೋಕ್ಯಂ ತಮಿಳಿನಲ್ಲಿ ಹೇಳಿದ್ದನ್ನು ಶ್ರೀಧರ್ ಕನ್ನಡಕ್ಕೆ ತಂದರು: "ಬಿಸಿಲಿಗೆ ಅಂತ ಹಾಕಿಸಿದ್ನಂತೆ. ಸದ್ದು ಕಮ್ಮಿ ಆಗಿದ್ದು ಆಮೇಲೆ ಗೊತ್ತಾಯ್ತಂತೆ."

ಕ್ರೋಂಪೇಟೆಯ ಮನೆಗೂ ಇಂಥದ್ದೊಂದು ಕಟ್ಟಿಕೊಡುತ್ತೀರಾ ಎಂದು ಅಲ್ಲೇ ಕೇಳಿದೆ. ಕೇಳುವಾಗ, ಒಂದು ಇಂಚೂ ಚಾಚಬಾರದೆಂಬ ನನ್ನ ಬಿಳಿ ಚೌಕದ ಮೇಲೆ ಗರಿ ಜೋತಾಡುವ ಚಿತ್ರ ಕಣ್ಣ ಮುಂದೆ ಬಂತು, ಚೆನ್ನಾಗೇನೂ ಕಾಣಲಿಲ್ಲ. ಸುಳ್ಳು ಹೇಳಬಾರದು.

ಸೋಮವಾರ ಆರೋಕ್ಯಂ ಇನ್ನೊಬ್ಬ ಕೆಲಸಗಾರನೊಂದಿಗೆ ಸಣ್ಣ ಲಾರಿಯಲ್ಲಿ ಬಿದಿರು, ಕೀತು, ತೆಂಗಿನ ಹಗ್ಗ ತುಂಬಿಕೊಂಡು ಬಂದ. ಇದ್ದ ಕೀತು ನಡುಮನೆ, ಅಡುಗೆಮನೆ ಎರಡಕ್ಕೆ ಮಾತ್ರ ಸಾಲುತ್ತಿತ್ತು. ಕಂಬಗಳನ್ನು ಗೋಡೆಯಾಚೆ ನೆಲದಲ್ಲೇ ನೆಡುವುದೆಂದಾಯಿತು. ನನ್ನ ಗೋಡೆಗಳಿಗೆ ಒಂದು ಮೊಳೆಯೂ ಹೊಡೆಯಬೇಕಾಗಲಿಲ್ಲ. ಕೆಲಸಕ್ಕೆ ಹೊರಟಿದ್ದ ಶ್ರೀಧರ್ ಗೇಟಿನಲ್ಲಿ ನಿಂತು, "ಬಿದಿರು ಎಲ್ಲಿ ಬತ್ತದೆ?" ಎಂದರು. ಅನುಕೂಲ ಇದ್ದಲ್ಲಿ ಎಂದೆ. "ಬ್ಯಾಡ ಮೇಡಂ. ಮನೆ ಕಂಬದ ಎದುರಿಗೇ ನೆಡ್ಸಿ. ಆರು ಹೆಜ್ಜೆ ಆರೇ ಇರ್ಲಿ." ನೂಲು ಹಿಡಿದು ಹಾಗೆಯೇ ನೆಡಿಸಿದೆ.

ಚಪ್ಪರ ಏಳುವುದನ್ನು ನೋಡಿ ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಮೇಲಿಂದ "ಕಲ್ಯಾಣಮಾ?" ಎಂದು ಕೇಳಿದಳು. ಮಗಳ ಮದುವೆಯೇನೋ ಎಂದುಕೊಂಡಿದ್ದಳು. ರಜೆ ಹಾಕಿ ಮನೆಯಲ್ಲೇ ಇದ್ದ ನಾಗರತ್ನ ನಕ್ಕು ನಕ್ಕು ಕಾವ್ಯಳತ್ತ ನೋಡಿದರು, ಕಾವ್ಯ ಮುಖ ಸಿಂಡರಿಸಿ ಒಳಗೆ ಹೋದಳು. ಸಂಜೆಗೆ ಕೆಲಸ ಮುಗಿಯಿತು. ಮಳೆ ಮಾತ್ರ ಬರಲಿಲ್ಲ. ಆಗಲೇ ಒಮ್ಮೆ ಮುಂದೂಡಿದ್ದ ನನ್ನ ರೈಲಿನ ಟಿಕೆಟ್ಟನ್ನು ಮತ್ತೆ ಬುಧವಾರಕ್ಕೆ ಬದಲಾಯಿಸಿದೆ.

ಮಂಗಳವಾರ ಲಾಡ್ಜು ಖಾಲಿ ಮಾಡಿ ಅವರ ಮನೆಗೇ ಬಂದೆ. ಅಂದು ಶ್ರೀಧರ್ ಕೂಡ ರಜೆ ಹಾಕಿದ್ದರು. ಮಧ್ಯಾಹ್ನವೆಲ್ಲ ಸೆಕೆ, ಎಲೆ ಅಲುಗಲಿಲ್ಲ. ನಾಲ್ಕು ಗಂಟೆಗೆ ದಕ್ಷಿಣದ ಕಡೆ ಕಪ್ಪಾಯಿತು, ಐದು ನಿಮಿಷದಲ್ಲಿ ಮಳೆ ಬಿತ್ತು. ಮಲಗುವ ಕೋಣೆಗಳ ತಗಡು ಹಿಂದಿನಂತೆಯೇ ಅಬ್ಬರಿಸಿತು. ನಾಗರತ್ನ ಆ ಕಡೆಯ ಬಾಗಿಲು ಎಳೆದುಕೊಂಡರು.

ಶ್ರೀಧರ್ ನಡುಮನೆಯ ಕುರ್ಚಿಯಿಂದ ಎದ್ದರು. ನಾವು ಮೂವರೂ ಅವರ ಹೆಜ್ಜೆಯನ್ನೇ ನೋಡುತ್ತ ಕೂತಿದ್ದೆವು. ಮೂರು ಹೆಜ್ಜೆ ಇಟ್ಟು ನಿಂತರು. ತಲೆ ವಾಲಿಸಿ ನಾಲಿಗೆಯಿಂದ ಒಮ್ಮೆ ಚಿಟಿಕೆ ಹೊಡೆದಂತೆ ಸದ್ದು ಮಾಡಿ ಕೇಳಿಸಿಕೊಂಡರು. ಅಡುಗೆಮನೆಯ ಬಾಗಿಲು ದಾಟಿ ಒಳಗೆ ಹೋದರು. ಪಾತ್ರೆ ತಾಗಿದ ಸದ್ದು, ಒಲೆ ಹೊತ್ತಿದ ಸದ್ದು. ಹತ್ತು ನಿಮಿಷ ಕಳೆದು ಎರಡೂ ಕೈಯಲ್ಲಿ ಕಾಫಿಯ ಲೋಟ ಹಿಡಿದು ಹೊರಬಂದರು. ಒಂದು ಕಡೆ ಮಾತ್ರ ಭುಜವನ್ನು ಗೋಡೆಗೆ ತಾಗಿಸಿ ಗುರುತು ನೋಡಿಕೊಂಡರು. ನೇರ ನನ್ನ ಮುಂದೆ ಬಂದು ಲೋಟ ಚಾಚಿದರು.

"ಸಕ್ರೆ ಹಾಕಿಲ್ಲ. ಡಬ್ಬಿ ಇವಳು ಎಲ್ಲಿಟ್ಟವಳೋ, ಅದು ಮಳೆ ನಿಂತ್ರೂ ಸಿಕ್ಕಲ್ಲ."

ನಾಗರತ್ನ ಸೆರಗಿನಿಂದ ಕಣ್ಣೊರೆಸಿಕೊಂಡು, "ಮೇಲಿನ ಹಲಗೆಯಲ್ಲೇ ಇದೆ" ಎಂದು ಜಗಳಕ್ಕೆ ನಿಂತರು. ಆ ಸಪ್ಪೆ ಕಾಫಿಯನ್ನು ಪೂರ್ತಿ ಕುಡಿದೆ. ಗಾಜಿನ ಮೂಲೆಗೆ ಒಂದು ಹನಿಯೂ ತಾಗಿರಲಿಲ್ಲ.

ಕೀತು ಎರಡು ಮಳೆಗಾಲ ಬಾಳಿದರೆ ಹೆಚ್ಚು. ಆ ಸಂಜೆಯೇ ಕೂತು ಕಾಯಂ ಮಾಡಿನ ನಕ್ಷೆ ಬರೆದೆ: ನಾಲ್ಕೂ ಚೌಕಗಳ ಮೇಲೆ ಉಕ್ಕಿನ ಹಂದರ, ಅದರ ಮೇಲೆ ಇಳಿಜಾರಾಗಿ ಮಣ್ಣಿನ ಹೆಂಚು, ನಡುವೆ ಗಾಳಿಗೆ ದಾರಿ, ಸುತ್ತಲೂ ಮೂರಡಿಯ ಸೂರು. ಗಾಜಿನ ಮೂಲೆ ತೆಗೆದು ಗೋಡೆ. ಜನವರಿಯ ಪೊಂಗಲ್ ಕಳೆದ ಮೇಲೆ ಹೆಂಚು ಹೊದಿಸಿದೆವು. ಈಗ ಕರಾವಳಿಯ ಯಾವ ಊರಿಗೆ ಚೌಕದ ಮನೆ ಕಳಿಸಿದರೂ ಎರಡು ಮಾಡು ಕಳಿಸುತ್ತೇನೆ.

ಕಾಫಿ ಕುಡಿದ ಆ ಸಂಜೆಯ ಮಾರನೆಯ ದಿನ, ಬುಧವಾರ ಬೆಳಿಗ್ಗೆ, ಶ್ರೀಧರ್ ಕಚೇರಿಗೆ, ನಾನು ಊರಿಗೆ, ಒಂದೇ ಲೋಕಲ್‌ನಲ್ಲಿ ಹೊರಟೆವು. ಸಣ್ಣಗೆ ಮಳೆ. ನೂಕುನುಗ್ಗಲಿನಲ್ಲಿ ಹೇಗೋ ಸೀಟು ಸಿಕ್ಕಿತು. ಶ್ರೀಧರ್ ನನ್ನತ್ತ ವಾಲಿ ಕೇಳಿದರು:

"ಮೇಡಂ, ಮೊದ್ಲು ಬಂದೋರೆಲ್ಲ ಮನೆ ನೋಡಕ್ಕೆ ಭಾರಿ ಚೆನ್ನಾಗದೆ ಅಂತಿದ್ರು. ಈಗ ಹೆಂಗೆ ಕಾಣ್ತದೆ? ನಿಜ ಹೇಳಿ."

ತಪ್ಪಿಸಿಕೊಳ್ಳುವ ಮನಸ್ಸಾಗಲಿಲ್ಲ. "ಮಳೆಯಲ್ಲಿ ನೆಂದ ಕೋಳಿ ರೆಕ್ಕೆ ಬಿಟ್ಟುಕೊಂಡು ಕೂತ ಹಾಗೆ ಕಾಣುತ್ತೆ ಸಾರ್."

ಅವರು ಬೋಗಿಯವರೆಲ್ಲ ತಿರುಗಿ ನೋಡುವಂತೆ ನಕ್ಕರು. "ಹಂಗಾದ್ರೆ ಸರಿ. ನಾವು ರೆಕ್ಕೆ ಕೆಳಗಲ್ವಾ ಇರದು."

ಎಗ್ಮೋರ್ ಬಂತು. ಬಿಳಿ ಕೋಲು ಬಿಚ್ಚಿಕೊಂಡು, ನನ್ನತ್ತ ಕೈ ಮುಗಿದು ಇಳಿದರು. ನಾನು ಬೆಂಗಳೂರಿನ ರೈಲು ಹೊರಡುವ ಸೆಂಟ್ರಲ್‌ಗೆ ಹತ್ತಿರದ ಮುಂದಿನ ನಿಲ್ದಾಣಕ್ಕೆ ಹೋಗಬೇಕಿತ್ತು. ರೈಲು ಹೊರಟಾಗ ಕಿಟಕಿಯಿಂದ ನೋಡಿದೆ. ಪ್ಲಾಟ್‌ಫಾರಂನ ಗದ್ದಲದ ನಡುವೆ ಅವರು ಒಂದು ಕ್ಷಣ ನಿಂತು, ಕಿವಿಗೊಟ್ಟು, ಮೆಟ್ಟಿಲಿನ ಕಡೆ ನೇರ ನಡೆದುಹೋದರು.