ದೊಡ್ಡವ್ವನ ಹಿತ್ತಲು, ಕಲಾದಗಿಯ ಗಾಡಿ

ದೊಡ್ಡವ್ವನ ಬೆರಳುಗಳ ತುದಿ ಯಾವಾಗಲೂ ನೀಲಿಯಾಗಿರುತ್ತಿತ್ತು. ಬಣ್ಣದ ನೂಲು ಸುತ್ತಿ ಸುತ್ತಿ ಚರ್ಮದೊಳಗೇ ಇಳಿದ ನೀಲಿ ಅದು. ಎಷ್ಟು ತಿಕ್ಕಿದರೂ ಹೋಗುತ್ತಿರಲಿಲ್ಲ. ಬಲಗೈಯ ತೋರುಬೆರಳಿನಲ್ಲಿ ನೂಲು ಹಾಯ್ದು ಹಾಯ್ದು ಒಂದು ಗೆರೆ ಬಿದ್ದಿತ್ತು. ಆಕೆ ರೊಟ್ಟಿ ಬಡಿಯಲು ಕೂತಾಗ ದೊಡ್ಡಪ್ಪ ನಗುತ್ತ ಚಾಷ್ಟಿ ಮಾಡುತ್ತಿದ್ದ.

“ನೋಡ, ರೊಟ್ಟಿಗೆ ಸೀರಿ ಬಣ್ಣ ಹತ್ತೀತು.”

“ಹತ್ತಿದ್ರ ಉಟಗೊಳ್ರಿ,” ಎನ್ನುತ್ತಿದ್ದಳು ಆಕೆ, ತಲೆ ಎತ್ತದೆ.

ನನ್ನನ್ನು ಹಡೆದವರು ನಾನು ಕೂಸಿದ್ದಾಗಲೇ ತೀರಿಕೊಂಡರು. ಅಪ್ಪನ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಇಳಕಲ್ಲಿನಲ್ಲಿ ನೇಕಾರ. ಆತನಿಗೂ ದೊಡ್ಡವ್ವನಿಗೂ ಮಕ್ಕಳಿರಲಿಲ್ಲ. ನಾನೇ ಅವರ ಮಗಳಾದೆ. ಮನೆಯ ಪಡಸಾಲೆಯಲ್ಲಿ ಕುಣಿಮಗ್ಗ. ದೊಡ್ಡಪ್ಪ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವುದು, ದೊಡ್ಡವ್ವ ಬದಿಯಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುವುದು. ಆಕೆಯ ಕೈ ನಿಂತರೆ ಆತನ ಮಗ್ಗವೂ ನಿಲ್ಲುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಕೆಯ ಬಾಳಿನ ದೊಡ್ಡ ನೋವೆಲ್ಲ ಈ ಕಂಡಿಕೆಯಿಂದಲೇ ಆದದ್ದು.

ಹಿತ್ತಲು ಮಾತ್ರ ಪೂರ್ತಿ ಆಕೆಯದು. ಒಂದು ಬೇವಿನ ಗಿಡ, ಒಂದು ನುಗ್ಗೆ, ನೂಲು ತೊಳೆಯುವ ಹಾಸುಗಲ್ಲು, ಒಂದು ಬದಿಗೆ ಗೋಡೆ, ಉಳಿದ ಕಡೆ ಮುಳ್ಳಿನ ಬೇಲಿ. ಬೇಲಿಯ ಆಚೆ ಜೋಳದ ಹೊಲ. ಒಡೆದ ಗಡಿಗೆಯ ತಳವನ್ನು ಬೇವಿನ ಬುಡದಲ್ಲಿ ಹೂಳಿ, ಅದಕ್ಕೆ ದಿನಾ ನೀರು ತುಂಬುತ್ತಿದ್ದಳು. ಬೆಳಿಗ್ಗೆ ಆಕೆ ಬರುವ ಮೊದಲು ನಾವ್ಯಾರೂ ಅಲ್ಲಿ ಕಸ ಗುಡಿಸುವ ಹಾಗಿರಲಿಲ್ಲ. ಮಣ್ಣಿನ ಮೇಲಿನ ಹೆಜ್ಜೆಗಳನ್ನು ಮೊದಲು ಆಕೆ ನೋಡಬೇಕು, ಕಸಬರಿಗೆ ಆಮೇಲೆ. ಮುಂಗುಸಿಯದು, ಹಕ್ಕಿಗಳದು, ಎಲ್ಲವನ್ನೂ ಸೊಂಟ ಬಗ್ಗಿಸಿ ನೋಡುತ್ತ ನಡೆಯುತ್ತಿದ್ದಳು. “ಮುಂಗಲಿ ಬಂದಿತ್ತು ನೋಡ. ಒಂದಲ್ಲ, ಮರಿ ಕರಕೊಂಡ ಬಂದೈತಿ. ಬೆಳವ ಬಂದಾವ. ಇದ್ಯಾರದೋ ಹೊಸಾದು.” ಆ ಹೊಸದು ಯಾರದೆಂದು ತಿಳಿಯುವವರೆಗೂ ಆಕೆಗೆ ಸಮಾಧಾನವಿರುತ್ತಿರಲಿಲ್ಲ, ಕಂಡಿಕೆ ಸುತ್ತುತ್ತಲೇ ಹಿತ್ತಲ ಬಾಗಿಲ ಕಡೆ ಕಣ್ಣು.

ಬಿಸಿಲುಗಾಲದಲ್ಲಿ ಆ ಗಡಿಗೆಯ ತಳಕ್ಕೆ ಬಾರದವರಿಲ್ಲ. ಗುಬ್ಬಿಗಳು ನೀರಿಗಿಂತ ಜಗಳವನ್ನೇ ಹೆಚ್ಚು ಮಾಡುತ್ತಿದ್ದವು. ಇಣಚಿ, ಅಂದರೆ ಅಳಿಲು, ಬೇವಿನಿಂದ ತಲೆಕೆಳಗಾಗಿ ಇಳಿದು, ಅತ್ತ ಇತ್ತ ನೋಡಿ, ಎರಡು ಗುಟುಕು ಕುಡಿದು ಓಡುತ್ತಿತ್ತು. ಗೊರವಂಕ ಒಳಗೇ ಇಳಿದು ಮೈ ತೊಳೆದು ನೀರೆಲ್ಲ ಚೆಲ್ಲಿದರೆ, “ನಿಮ್ಮಪ್ಪ ಸೇದಿ ಹಾಕ್ಯಾನೇನಲೇ?” ಎಂದು ಬೈದು ಮತ್ತೆ ತುಂಬುತ್ತಿದ್ದಳು. ಮಗ್ಗದಿಂದ ಕತ್ತರಿಸಿದ ತುಂಡು ನೂಲನ್ನು ಒಲೆಗೆ ಹಾಕದೆ ಬೇಲಿಯ ಮುಳ್ಳಿಗೆ ಸಿಕ್ಕಿಸುವಳು. ಗುಬ್ಬಿಗಳು ಒಯ್ದು ಗೂಡಿಗೆ ಹಾಕಿಕೊಳ್ಳುತ್ತಿದ್ದವು. ಮಳೆ ಬರುವುದಕ್ಕೆ ತುಸು ಮುಂಚೆ ಕಪ್ಪು ಬಿಳುಪಿನ, ತಲೆಯ ಮೇಲೆ ಜುಟ್ಟಿದ್ದ ಒಂದು ಹಕ್ಕಿ ನುಗ್ಗೆ ಗಿಡದ ಮೇಲೆ ಬಂದು ಕೂಗುತ್ತಿತ್ತು. ಅದು ಬಂತೆಂದರೆ ದೊಡ್ಡವ್ವನ ಮಾತು ಕಡಿಮೆಯಾಗುತ್ತಿತ್ತು. ಮುಂದೆ ಶ್ರಾವಣ, ಶ್ರಾವಣದಲ್ಲಿ ನಾಗರಪಂಚಮಿ, ಪಂಚಮಿಗೆ ಓಣಿಯ ಹೆಣ್ಣುಮಕ್ಕಳನ್ನೆಲ್ಲ ತವರಿನವರು ಬಂದು ಕರೆದೊಯ್ಯುತ್ತಾರೆ. ಈಕೆಯನ್ನು ಕರೆಯಲು ಯಾರೂ ಬರುತ್ತಿರಲಿಲ್ಲ.

ದಸರೆಯ ಹೊತ್ತಿಗೆ ಮತ್ತೆ ಆಕೆಯ ಮುಖ ಅರಳುತ್ತಿತ್ತು. ಬಿಳಿ ಮೋರೆಯ, ಬೂದಿ ಬಣ್ಣದ ಬೆನ್ನಿನ, ನಿಂತಲ್ಲಿ ನಿಲ್ಲದೆ ಬಾಲ ಕುಣಿಸುವ ಒಂದು ಪುಟ್ಟ ಹಕ್ಕಿ ಹಾಸುಗಲ್ಲಿನ ಹಸಿಯಲ್ಲಿ ಬಂದಿಳಿಯುತ್ತಿತ್ತು. ದೊಡ್ಡವ್ವನ ತವರು ಕಲಾದಗಿ, ಘಟಪ್ರಭೆಯ ದಂಡೆಯ ಊರು. ಹೊಳೆಯಲ್ಲಿ ಬಟ್ಟೆ ಒಗೆಯುವ ಕಲ್ಲುಗಳ ಮೇಲೆ ಈ ಹಕ್ಕಿಯನ್ನು ಆಕೆ ಹುಡುಗಿಯಾಗಿದ್ದಾಗ ನೋಡಿದ್ದಳು. “ನಮ್ಮ ಹೊಳಿದಂಡಿ ಹುಡುಗಿ ಬಂದ್ಲು,” ಎಂದು ನನ್ನನ್ನು ಕೂಗಿ ಕರೆದು ತೋರಿಸುವಳು. ಆಮೇಲೆ ಅದಕ್ಕೇ ತಗ್ಗಿದ ದನಿಯಲ್ಲಿ, “ಅವ್ವ ಹ್ಯಾಂಗ ಅದಾಳ?” ಎಂದು ಕೇಳುವಳು. ಗೋಡೆಯಾಚೆ ನೂಲಿಗೆ ಬಣ್ಣ ಹಾಕುವ ಮುಸಲ್ಮಾನರ ಮನೆ. ಆ ಮನೆಯಾಕೆಯನ್ನು ನಾವು ಖಾಲಾ ಎನ್ನುತ್ತಿದ್ದೆವು. ಖಾಲಾ ಗೋಡೆಯ ಮೇಲಿಂದ ಇಣುಕಿ ನಗುತ್ತಿದ್ದರು.

“ಏನವಾ, ಬೀಗರು ಬಂದಾರೇನ? ಚಾದರ ಹಾಸಿ ಕುಂದರಸ.”

“ನಿಂತಾರ ನೋಡ್ರಿ. ನಿಮ್ಮ ದನಿಗೇ ಅಂಜ್ಯಾರ.”

“ಹಕ್ಕೀನ್ನ ಕೇಳೂ ಬದ್ಲಿ ನೀನಽ ಒಮ್ಮೆ ಹೋಗಿ ಬಾರವಾ.”

“ಅವಕ್ಕ ಕರಿಯಾವ್ರು ಬೇಕಾಗಿಲ್ಲ, ಖಾಲಾ. ನನಗ ಬೇಕಲ್ಲ.”

ನಡೆದದ್ದು ಇಷ್ಟು. ನಾನು ಹುಟ್ಟುವುದಕ್ಕೂ ಮೊದಲು ಒಂದು ಪಂಚಮಿಗೆ ಆಕೆಯ ತಮ್ಮ ಗಾಡಿ ಕಟ್ಟಿಕೊಂಡು ಕರೆಯಲು ಬಂದಿದ್ದ. ಆಗ ಮಗ್ಗದ ಮೇಲೆ ಯಾರದೋ ಮದುವೆಯ ಸೀರೆ ಇತ್ತು. ದೊಡ್ಡಪ್ಪ, “ಕಂಡಿಕಿ ಸುತ್ತಾವ್ರಿಲ್ಲ. ಪಂಚಮಿ ಮುಗೀಲಿ, ನಾನಽ ತಂದು ಬಿಡ್ತೇನಿ,” ಎಂದ. ತಮ್ಮ ಇನ್ನೂ ಮೀಸೆ ಮೂಡುವ ವಯಸ್ಸಿನವನು. “ಖಾಲಿ ಗಾಡಿ ಹೊಡಕೊಂಡು ಊರಾಗ ಹ್ಯಾಂಗ ಹೋಗ್ಲಿ ಮಾವ? ಇನ್ನ ನಾ ಈ ಮನಿಗೆ ಕರಿಯಾಕ ಬರೂದಿಲ್ಲ,” ಎಂದು ನೀರೂ ಕುಡಿಯದೆ ಹೋಗಿಬಿಟ್ಟ. ದೊಡ್ಡಪ್ಪ ಮಾತಿಗೆ ತಪ್ಪಲಿಲ್ಲ. ಸೀರೆ ಇಳಿದ ಮೇಲೆ ಹೊರಡು ಎಂದ. ಆಕೆ ಹೊರಡಲಿಲ್ಲ. ಕರೆಯದೆ ಹೋದರೆ ಅತ್ತಿಗೆ ನಾದಿನಿಯರ ಮುಂದೆ ಅವ್ವನ ತಲೆ ತಗ್ಗುತ್ತದೆ. ತಮ್ಮ ಬರಲಿ ಎಂದು ಆಕೆ, ಅಕ್ಕ ಹೇಳಿ ಕಳಿಸಲಿ ಎಂದು ತಮ್ಮ. ಹೀಗೆ ಎಷ್ಟೋ ಶ್ರಾವಣಗಳು ಹೋದವು. ಅವ್ವನಿಗೆ ವಯಸ್ಸಾಗುತ್ತಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

ನನಗೆ ತಿಳಿವಳಿಕೆ ಬಂದ ಮೇಲಿನ ಒಂದು ಶ್ರಾವಣದಲ್ಲಿ ನಮ್ಮ ಓಣಿಯಲ್ಲಿ ಇಲಿ ಬಿದ್ದವು. ಪ್ಲೇಗು. ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿತು. ಕುಣಿಮಗ್ಗವನ್ನು ಎತ್ತಿಕೊಂಡು ಹೋಗಲು ಬರುವುದಿಲ್ಲವಲ್ಲ, ದೊಡ್ಡಪ್ಪ ಕೈ ಕಟ್ಟಿ ಕೂತ. ದೊಡ್ಡವ್ವ ಮನೆ ಬಿಡುವಾಗ ಹಿತ್ತಲಿನ ಗಡಿಗೆಯ ತಳಕ್ಕೆ ತುಂಬ ನೀರು ಹಾಕಿ ಬಂದಳು. ನಮ್ಮ ಗುಡಿಸಲಿನ ಮುಂದೆ ಒಂದು ಹಳ್ಳ ಹರಿಯುತ್ತಿತ್ತು. ಪಂಚಮಿಯ ಹಿಂದಿನ ದಿನ ಹಳ್ಳದ ಆಚೆಯ ದಂಡೆಯಲ್ಲಿ ಒಬ್ಬ ಗಂಡಸು ನಿಂತು, “ಅಕ್ಕಾ!” ಎಂದು ಕೂಗಿದ.

ಇಳಕಲ್ಲಿನಲ್ಲಿ ಬ್ಯಾನಿ ಬಿದ್ದಿದೆ ಎಂದು ಕೇಳಿ ಎರಡು ದಿನದ ದಾರಿ ಗಾಡಿ ಹೊಡೆದುಕೊಂಡು ಬಂದಿದ್ದ ಆಕೆಯ ತಮ್ಮ.

ಆಕೆ ಓಡಿದಳು. ಆತ ಹಳ್ಳಕ್ಕೆ ಕಾಲಿಟ್ಟ. ಆಕೆ ಗಕ್ಕನೆ ನಿಂತು ಎರಡೂ ಕೈ ಎತ್ತಿದಳು.

“ಅಲ್ಲೇ ನಿಂದ್ರೋ ತಮ್ಮಾ! ಹಳ್ಳಾ ದಾಟಬ್ಯಾಡ!”

“ಕರಿಯಾಕ ಬಂದೇನಿ ಅಕ್ಕಾ. ಗಾಡಿ ಅಲ್ಲಿ ಗಿಡದ ಕೆಳಗ ಬಿಟ್ಟೇನಿ. ಬಾ.”

“ಅವ್ವ ಹ್ಯಾಂಗ ಅದಾಳೋ?”

“ಕಣ್ಣು ಮಂಜಾಗ್ಯಾವ. ಗಾಡಿ ಸಪ್ಪಳಾದ್ರ ಎದ್ದು ಕುಂದರ್ತಾಳ. ನಿನ್ನ ಹೆಸರು ಹಿಡದು ಕರೀತಾಳ.”

ದೊಡ್ಡಪ್ಪ ಹಿಂದಿನಿಂದ ಬಂದು ನಿಂತಿದ್ದ. “ಹೋಗ,” ಎಂದ. “ನಾನಽ ಹೇಳ್ತೇನಿ, ಈ ಹುಡುಗೀನೂ ಕರಕೊಂಡು ಹೋಗ.”

ದೊಡ್ಡವ್ವ ತಿರುಗಿ ಆತನನ್ನು ನೋಡಿದ ನೋಟ ನನಗೆ ಇನ್ನೂ ನೆನಪಿದೆ. ಸಿಟ್ಟಿರಲಿಲ್ಲ ಅದರಲ್ಲಿ. “ಆಗ ಬ್ಯಾಡಂದ್ರಿ, ಈಗ ಹೋಗ ಅಂತೀರೇನ್ರಿ? ಬಾಜೂ ಗುಡಿಸಲದವರ ಹುಡುಗಿಗೆ ನಿನ್ನೆ ಗಂಟು ಎದ್ದಾವ. ನಾ ರಾತ್ರಿ ಎಲ್ಲಾ ಅದರ ತೆಲಿ ಹಿಡಕೊಂಡು ಕುಂತಿದ್ದೆ. ಈ ಬ್ಯಾನಿ ಸೆರಗಿನಾಗ ಕಟಗೊಂಡು ಅವ್ವನ ಮುಂದ ಹೋಗ್ಲ್ಯಾ?”

ತಮ್ಮ ಅತ್ತ. ಗಂಡಸು ಹಾಗೆ ದನಿ ತೆಗೆದು ಅಳುವುದನ್ನು ನಾನು ಅದೇ ಮೊದಲು ನೋಡಿದ್ದು. ಆಕೆ ಮಾತ್ರ ಈಚೆ ದಂಡೆಯಲ್ಲಿ ಕುಕ್ಕುರುಗಾಲಲ್ಲಿ ಕೂತು ಊರಿನ ಒಬ್ಬೊಬ್ಬರ ಸುದ್ದಿಯನ್ನೂ ಕೇಳಿದಳು. ಹೊಳೆ ಎಲ್ಲಿಯವರೆಗೆ ಬಂದಿದೆ? ಹಿತ್ತಲ ಹುಣಸೆ ಇದೆಯೋ ಕಡಿದರೋ? ಅದರಲ್ಲಿ ಗಿಳಿಗಳು ಇನ್ನೂ ಇವೆಯೋ? ಹೊತ್ತು ಇಳಿಯಿತು. ಅವ್ವ ಕಳಿಸಿದ ಜೋಳದ ಅಳ್ಳು, ಉಂಡಿಗಳ ಗಂಟನ್ನು ಆತ ಒಂದು ಕಲ್ಲಿನ ಮೇಲಿಟ್ಟು ಹಿಂದೆ ಸರಿದ. “ಬ್ಯಾನಿ ಹೋಗ್ಲಿ, ಮತ್ತ ಬಾ. ಆಗ ನಾ ಬರ್ತೇನಿ. ಅವ್ವಗ ಹೇಳ, ಅಕ್ಕ ಹೊಂಟಾಳ, ದಾರಿ ಮ್ಯಾಲ ಅದಾಳ ಅಂತ ಹೇಳ,” ಎಂದಳು. ಗಾಡಿಯ ಸಪ್ಪಳ ಪೂರ್ತಿ ಅಡಗಿದ ಮೇಲೆ ಹಳ್ಳ ದಾಟಿ ಹೋಗಿ ಆ ಗಂಟನ್ನು ಎತ್ತಿಕೊಂಡಳು.

ಬೇನೆ ಸಂಕ್ರಾಂತಿಯವರೆಗೂ ಹೋಗಲಿಲ್ಲ. ದೀಪಾವಳಿಯ ಸುಮಾರಿಗೆ, ಕಲಾದಗಿಯ ಅವ್ವ ನಿದ್ದೆಯಲ್ಲೇ ತೀರಿಕೊಂಡಳೆಂದು ಅರಿವೆ ಮಾರುವವನೊಬ್ಬ ಅದೇ ಹಳ್ಳದ ಆಚೆಯಿಂದ ಕೂಗಿ ಹೇಳಿ ಹೋದ.

ನಾವು ಮನೆಗೆ ಮರಳಿದಾಗ ಹಿತ್ತಲು ನಮ್ಮದಾಗಿರಲಿಲ್ಲ. ಹುಲ್ಲು ಮೊಣಕಾಲಿನವರೆಗೆ ಬೆಳೆದು ಒಣಗಿ ನಿಂತಿತ್ತು. ನೂಲು ತೊಳೆಯುವ ಕಲ್ಲಿನ ಮೇಲೆ ಮುಂಗಲಿ ಬಿಸಿಲಿಗೆ ಮಲಗಿತ್ತು. ನಮ್ಮನ್ನು ನೋಡಿ ಏಳಲೂ ಇಲ್ಲ. ಮಗ್ಗದ ಕುಣಿಯೊಳಗೆ ಇಣಚಿ ಸಂಸಾರ ಹೂಡಿತ್ತು. ಬಾಗಿಲ ಚೌಕಟ್ಟಿನ ಮೇಲೆಲ್ಲ ಗುಬ್ಬಿ. ಖಾಲಾ ಗೋಡೆಯ ಮೇಲಿಂದ ನೋಡಿ, “ಅವಕ್ಕ ನಾವಽ ಪರದೇಶಿಗಳಾದಿವಿ,” ಎಂದರು. ಆ ಹೊಳೆದಂಡೆಯ ಹಕ್ಕಿಯೂ ಹುಲ್ಲಿಲ್ಲದ ಒಂದು ಮೂಲೆಯಲ್ಲಿ ಬಾಲ ಕುಣಿಸುತ್ತಿತ್ತು. ದೊಡ್ಡವ್ವ ಬಾಗಿಲಲ್ಲೇ ನಿಂತು ಅದನ್ನು ಬಹಳ ಹೊತ್ತು ನೋಡಿದಳು. ಏನೂ ಕೇಳಲಿಲ್ಲ.

ಮುಂದಿನ ಪಂಚಮಿಯಿಂದ ತಮ್ಮ ಒಂದು ವರ್ಷವೂ ತಪ್ಪಿಸಲಿಲ್ಲ. ಮಲಪ್ರಭೆ ತುಂಬಿದ್ದರೆ ನೀರಿಳಿಯುವವರೆಗೆ ದಂಡೆಯಲ್ಲಿ ಕಾದು ಬರುತ್ತಿದ್ದ. ಬಂದು, ಕಾಲು ತೊಳೆದು, “ಕರಿಯಾಕ ಬಂದೇನಿ ಅಕ್ಕಾ,” ಎನ್ನುವನು. ಆಕೆ ಹೋಗುತ್ತಿರಲಿಲ್ಲ. “ಅವ್ವಿಲ್ಲದ ಮನ್ಯಾಗ ಯಾರ ಮಾರಿ ನೋಡ್ಲೋ? ಈ ವರ್ಷ ಬ್ಯಾಡ. ಮುಂದ ನೋಡೂಣು.” ಆಮೇಲೆ ಅಕ್ಕ ತಮ್ಮ ಹಿತ್ತಲಲ್ಲಿ ಕೂತು, ಜುಟ್ಟಿನ ಹಕ್ಕಿ ಬಂದಿದೆಯೋ ಇಲ್ಲವೋ ಎಂದು ಚರ್ಚೆ ಮಾಡುತ್ತಿದ್ದರು. “ಅದು ಕಾಗಿ ಬಿಡ,” ಎಂದು ತಮ್ಮ ಬೇಕೆಂದೇ ಕೆಣಕುವನು. “ನಿನ್ನ ಕಣ್ಣಾಗ ಕಾಗಿ,” ಎಂದು ಆಕೆ. ನನ್ನನ್ನು ಬಾಗಲಕೋಟೆಗೆ ಕೊಟ್ಟ ಮೇಲೆ, ನಾನೂ ಪಂಚಮಿಗೆ ಇಳಕಲ್ಲಿಗೆ ಬಂದು ಅವರಿಬ್ಬರ ನಡುವೆ ಕೂರುತ್ತಿದ್ದೆ.

ಒಂದು ಆಷಾಢದ ಕೊನೆಯಲ್ಲಿ ಆಕೆ ಜ್ವರ ಬಂದು ನಾಲ್ಕಾರು ದಿನದಲ್ಲೇ ಹೋಗಿಬಿಟ್ಟಳು. ನಾನು ಬಂದಿದ್ದೆ, ಮುಖ ಸಿಕ್ಕಿತು. ಕಲಾದಗಿಗೆ ಸುದ್ದಿ ಹೋಗುವಷ್ಟರಲ್ಲಿ ಅಲ್ಲಿಂದ ಗಾಡಿ ಹೊರಟಾಗಿತ್ತು. ತಮ್ಮ ಬಂದು, ಅಂಗಳದಲ್ಲಿ ಕಾಲು ತೊಳೆದು, “ಕರಿಯಾಕ ಬಂದೇನಿ ಅಕ್ಕಾ,” ಎಂದ. ದೊಡ್ಡಪ್ಪ ಎದ್ದು ಬಂದು ಆತನ ಹೆಗಲ ಮೇಲೆ ಕೈಯಿಟ್ಟ.

ಮರುದಿನ ಬೆಳಿಗ್ಗೆ ಎತ್ತು ಹೂಡುವಾಗ ತಮ್ಮ ನನ್ನನ್ನು ನೋಡಿದ. ಆತನ ತಲೆಯೂ ಆಗ ನರೆತಿತ್ತು. “ಮಾವ,” ಎಂದ, “ಇನ್ನ ಈ ಹುಡುಗೀನ್ನ ಪಂಚಮಿಗೆ ಯಾರು ಕರೀಬೇಕು? ಆಕಿ ಬರಲಿಲ್ಲ. ಆಕಿ ಸಾಕಿದಾಕಿನರ ಬರ್ಲಿ.”

ಮಗ್ಗದ ಮೇಲೆ ಅರ್ಧ ನೆಯ್ದ ಸೀರೆ ಇತ್ತು. ದೊಡ್ಡವ್ವ ಮಲಗಿದಾಗಿನಿಂದ ನಾನೇ ಕಂಡಿಕೆ ಸುತ್ತುತ್ತಿದ್ದೆ. ನಾನು ದೊಡ್ಡಪ್ಪನ ಮುಖ ನೋಡಿದೆ. ಆತ ಒಳಗೆ ಹೋಗಿ ನನ್ನ ಬಟ್ಟೆಯ ಗಂಟನ್ನು ತಾನೇ ತಂದು ಗಾಡಿಯಲ್ಲಿಟ್ಟ. “ಕಂಡಿಕಿ ನಾ ಸುತ್ತಗೋತೇನಿ,” ಎಂದ. “ಹೋಗಿ ಬಾ ಮಗಳ.”

ಅಂದಿನಿಂದ ಕಲಾದಗಿಯವರು ನನ್ನನ್ನು ಕರೆಯುವುದನ್ನು ಬಿಟ್ಟಿಲ್ಲ. ತಮ್ಮ ಹೋದ ಮೇಲೆ ಆತನ ಮಗ ಬರುತ್ತಾನೆ. ತಾಯಿ ತಂದೆ ಇಲ್ಲದ ನನಗೆ ತವರೊಂದು ಇದೆ. ಅದು ದೊಡ್ಡವ್ವ ತಾನು ಹೋಗದೆ ನನಗೆ ಉಳಿಸಿದ್ದು.

ಕಲಾದಗಿ ಮುಟ್ಟಿದ ಆ ಮೊದಲ ಸಂಜೆ ಹೊಳೆಗೆ ಹೋದೆ. ಘಟಪ್ರಭೆ ಕೆಂಪಗೆ ತುಂಬಿ ಹರಿಯುತ್ತಿತ್ತು. ನಾನೆಂದೂ ನೋಡದ ಎಷ್ಟೋ ಹಕ್ಕಿಗಳು ನೀರಿನ ಮೇಲೆ ಹಾದು ಹೋದವು. ಹೆಸರು ಕೇಳೋಣವೆಂದರೆ ಪಕ್ಕದಲ್ಲಿ ದೊಡ್ಡವ್ವ ಇರಲಿಲ್ಲ. ಕತ್ತಲಾಯಿತು, ಬಾ ಎಂದು ಕಲಾದಗಿಯ ಮನೆಯವರು ದಂಡೆಯ ಮೇಲಿಂದ ಕರೆದರು. ಇನ್ನೊಂದಿಷ್ಟು ಹೊತ್ತು ಎಂದೆ. ಇಬ್ಬರು ನೋಡಬೇಕಾದದ್ದನ್ನು ನಾನೊಬ್ಬಳೇ ನೋಡಬೇಕಿತ್ತು.