ಕಂಬಳಿ ಮೇಲೆ ನಿಂತ ಬಿಳಿ ಬೂಟು

ನಮ್ಮ ಚೀಫ್ ಇಂಜಿನಿಯರ್ ಅಂದ ತಕ್ಷಣ ನನ್ನ ಕಣ್ಣಿಗೆ ಕಟ್ಟುವುದು ಅವರ ಮುಖವಲ್ಲ, ಬಿಳಿ ಬೂಟು. ಉಳ್ಳಾರ್ತಿ ಕಾವಲು ಅನ್ನುವ ಹುಲ್ಲುಗಾವಲಿನ ಆಚೆ ಇದ್ದ ನಮ್ಮ ಕಂಪನಿಯ ಪರೀಕ್ಷಾ ಮೈದಾನದಲ್ಲಿ ಕಾಲಿಟ್ಟಲ್ಲೆಲ್ಲ ಧೂಳು. ನಾವೆಲ್ಲ ತಲೆಯಿಂದ ಕಾಲಿನವರೆಗೆ ಮಣ್ಣಾಗಿದ್ದರೂ ಆ ಬೂಟು ಮಾತ್ರ ಆಗತಾನೆ ಅಂಗಡಿಯಿಂದ ತಂದ ಹಾಗಿರುತ್ತಿತ್ತು. ಹೇಗೆ ಅಂತೀರಾ? ಮಹಾನುಭಾವರು ನೆಲದ ಮೇಲೆ ನಿಂತರೆ ತಾನೆ! ನಮ್ಮ ಪರೀಕ್ಷೆಯ ಗಾಡಿ ಓಡಿಸುವ ಚಾಲಕರೊಬ್ಬರ ಕರಿ ಕಂಬಳಿ ಹಾಸಿಸಿಕೊಂಡು ಅದರ ಮೇಲೆ ನಿಲ್ಲುತ್ತಿದ್ದರು. ನಮ್ಮ ಸೀಮೆಯಲ್ಲಿ ಕಂಬಳಿ ಹಾಸಿ ದೇವರನ್ನು ಕೂರಿಸುತ್ತಾರೆ. ಅದರ ಮೇಲೆ ಬೂಟುಗಾಲು! ಕೊಂಡ್ಲಹಳ್ಳಿಯಲ್ಲಿ ಹುಟ್ಟಿದ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ಮಾಡುತ್ತಿದ್ದದ್ದು ತಾನೇ ಓಡುವ ಫಿರಂಗಿ. ಟ್ಯಾಂಕಿನ ಹಾಗೆ ಚೈನಿನ ಮೇಲೆ ಹೋಗುತ್ತದೆ, ನಿಲ್ಲುತ್ತದೆ, ಗುಂಡು ಹೊಡೆದು ಜಾಗ ಬದಲಿಸುತ್ತದೆ. ಅದನ್ನು ಹೊರದೇಶಕ್ಕೆ ಮಾರಬೇಕು ಅನ್ನುವುದು ಕಂಪನಿಯ ಆಸೆ. ವಿನ್ಯಾಸದ ಯಜಮಾನಿಕೆ ಚೀಫ್ ಅವರದು, ನಾನು ಅವರ ಕೈಕೆಳಗಿನ ಇಂಜಿನಿಯರ್. ಅವರಿಗೆ ವಿನ್ಯಾಸ ಅಂದರೆ ಫೋಟೊ. "ಮಲಗಿದ ಸಿಂಹದ ಥರ ಕಾಣಬೇಕು ಕಣ್ರೀ, ನೋಡಿದವನು ಅಲ್ಲೇ ಆರ್ಡರ್ ಕೊಡಬೇಕು" ಅನ್ನೋರು. ಸಿಂಹ ಮಲಗಲಿ ಅಂತ ಫಿರಂಗಿಯ ನಳಿಗೆಯನ್ನು ತಗ್ಗಿಸಿ ತಗ್ಗಿಸಿ, ಕೊನೆಗೆ ಚಾಲಕರ ನೆತ್ತಿಯ ಮೇಲಿದ್ದ ಮುಚ್ಚಳದ ಮೇಲೇ ತಂದಿಟ್ಟರು. ನಳಿಗೆ ನೆಟ್ಟಗೆ ಮುಂದಕ್ಕಿದ್ದರೆ ಮುಚ್ಚಳ ಮೇಲೆ ಏಳುತ್ತಿರಲಿಲ್ಲ. ಒಳಗಿದ್ದವರು ಒಳಗೇ.

ಕಂಬಳಿಯ ಆ ಚಾಲಕರು ಮೊಳಕಾಲ್ಮೂರು ಕಡೆಯವರು, ಸೈನ್ಯದಲ್ಲಿ ಟ್ಯಾಂಕ್ ಓಡಿಸಿ ಬಂದವರು. ಮೊದಲ ದಿನವೇ ನನ್ನ ಹತ್ತಿರ ಬಂದು, "ಬೆಂಕಿಗಿಂಕಿ ಬಿದ್ರೆ ನಾನೇನು ಒಳಗೇ ಬೇಯ್ಬೇಕೇನಮ್ಮ? ಹೊರಗೆ ಬರಾಕೆ ದಾರಿ ಎಲ್ಲೈತೆ?" ಅಂದರು.

ನಾನು ಮೇಲೆತ್ತುವ ಬದಲು ಪಕ್ಕಕ್ಕೆ ಸರಿಯುವ ಮುಚ್ಚಳದ ನಕ್ಷೆ ಬರೆದು ಚೀಫ್ ಮುಂದೆ ಹಿಡಿದೆ. ಅವರು ಅದನ್ನು ಬಿಚ್ಚಿ ಕೂಡ ನೋಡಲಿಲ್ಲ. "ಡ್ರೈವರ್ ಇರೋದು ಒಳಗೆ ಕೂರೋಕೆ ಕಣಮ್ಮ, ಹೊರಗೆ ಬರೋಕಲ್ಲ" ಅಂತ ತಾವೇ ನಕ್ಕರು. ಸುತ್ತಲಿದ್ದವರೂ ಹಲ್ಲು ಗಿಂಜಿದರು. ಆಮೇಲೆ ನಾನು ಆ ನಕ್ಷೆ ಹಿಡಿದು ಹೋದಾಗಲೆಲ್ಲ ಅದೇ ಮಾತು, ಅದೇ ನಗು.

ಒಂದು ಬೇಸಿಗೆಯ ಮಧ್ಯಾಹ್ನ ಓಡುತ್ತಿದ್ದ ಗಾಡಿಯ ಎಂಜಿನ್‌ಗೆ ಬೆಂಕಿ ಹತ್ತಿತು. ಕರೆಂಟು ಹೋಗಿ ನಳಿಗೆ ಮುಚ್ಚಳದ ಮೇಲೇ ನಿಂತುಬಿಟ್ಟಿತು. ಒಳಗಿನಿಂದ "ಅಯ್ಯೋ ದೇವುಡಾ, ತೆಗೀರ್ಲೇ!" ಅಂತ ಚಾಲಕರ ಕೂಗು. ಮೇಲಿದ್ದ ಮೆಕ್ಯಾನಿಕ್‌ಗಳು ಕೈಯಿಂದಲೇ ಹ್ಯಾಂಡಲ್ ತಿರುಗಿಸಿ ತಿರುಗಿಸಿ ನಳಿಗೆಯನ್ನು ಪಕ್ಕಕ್ಕೆ ಸರಿಸಿ ಚಾಲಕರನ್ನು ಹೊರಗೆಳೆಯುವಷ್ಟರಲ್ಲಿ ಅವರ ಬಲತೋಳಿನ ಅಂಗಿ ಉರಿಯುತ್ತಿತ್ತು. ಅವರದೇ ಕಂಬಳಿಯನ್ನು ಅವರ ಮೇಲೆ ಹೊದಿಸಿ ನಾನು ಬೆಂಕಿ ಆರಿಸಿದೆ. ಅಷ್ಟೊತ್ತಿಗೆ ಚೀಫ್ ಜೀಪಿನಿಂದ ಇಳಿದರು. "ಗಾಡಿಗೆ ಏನೂ ಆಗಿಲ್ಲ ತಾನೆ?" ಅಂದರು. ನೆಲದಲ್ಲಿ ಎಣ್ಣೆ ಚೆಲ್ಲಿತ್ತು. ಬೂಟು ನೋಡಿಕೊಂಡು, "ಆ ಕಂಬಳಿ ಸ್ವಲ್ಪ ಇಲ್ಲಿ ಹಾಸ್ರೀ" ಅಂದರು. ಥೂ! ಮನುಷ್ಯ ಅನ್ನಬೇಕೇ ಇದನ್ನು? ನಾನು ಕೊಡಲಿಲ್ಲ. ಕಂಬಳಿ ಚಾಲಕರ ಜೊತೆಗೇ ಆಸ್ಪತ್ರೆಗೆ ಹೋಯಿತು.

ಅಷ್ಟಾದರೂ ಮುಚ್ಚಳ ಬದಲಾಗಲಿಲ್ಲ. ಗಾಡಿಗೆ ಹೊಸ ಬಣ್ಣ ಬಳಿದರು, ಕೊಳ್ಳುವವರನ್ನು ಕರೆದರು. ಬಂದ ತಂಡದ ಹಿರಿಯ, ಯುದ್ಧ ನೋಡಿದ ಸೈನಿಕ. ಚೀಫ್ ಜಂಭ ಕೊಚ್ಚುವುದನ್ನೆಲ್ಲ ಸುಮ್ಮನೆ ಕೇಳಿ, ಗಾಡಿಯನ್ನು ಒಂದು ಸುತ್ತು ಹಾಕಿ, ಮುಚ್ಚಳದ ಹತ್ತಿರ ನಿಂತ. "ಇದನ್ನು ಮಾಡಿದವರು ಯಾರು?" ಅಂತ ದುಭಾಷಿಯ ಬಾಯಲ್ಲಿ ಕೇಳಿಸಿದ. ಚೀಫ್ ಎದೆಯುಬ್ಬಿಸಿ ಮುಂದೆ ಬಂದರು.

"ಹಾಗಾದರೆ ನೀವೇ ಒಳಗೆ ಕೂತು, ನಳಿಗೆ ಮುಂದಿರುವಾಗ ಹೊರಗೆ ಬನ್ನಿ. ಆಮೇಲೆ ವ್ಯಾಪಾರ ಮಾತಾಡೋಣ."

ಚೀಫ್ ಮುಖ ಬಿಳಚಿಕೊಂಡಿತು. ಮಂಡಿನೋವು ಅಂದರು. ಮಂಡಿನೋವು! ಹಿಂದಿನ ವಾರ ಕಂಪನಿಯ ಕಾರ್ಯಕ್ರಮದಲ್ಲಿ ಶಟಲ್ ಆಡಿದ ಮಂಡಿ. ಆಮೇಲೆ ಚಾಲಕರ ಕಡೆ ತಿರುಗಿ, "ಏಯ್, ನೀನು ಕೂತು ತೋರಿಸು" ಅಂದರು.

ಚಾಲಕರು ಸುಟ್ಟ ತೋಳನ್ನು ಹಿಂದಕ್ಕೆ ಕಟ್ಟಿಕೊಂಡು ಅಲ್ಲಾಡದೆ ನಿಂತರು. "ನಾನು ಒಂದ್ಸಲ ಕೂತೀನಲ್ಲ ಸಾರ್. ಇವತ್ತು ನೀವು ಕೂತ್ಕಳ್ರಿ."

ಚೀಫ್ ಕೂರಲಿಲ್ಲ. ಬಂದವರು ಟೀ ಕೂಡ ಕುಡಿಯದೆ ಹೊರಟರು. ಅದಾದ ಮೇಲೆ ನೋಡಿ, ನನ್ನ ನಕ್ಷೆಗೆ ಕಾಲು ಬಂತು! ಮುಚ್ಚಳ ಪಕ್ಕಕ್ಕೆ ಸರಿಯಿತು, ಅದೇ ಹಿರಿಯ ಮತ್ತೆ ಬಂದು ತಾನೇ ಒಳಗೆ ಕೂತು, ಹೊರಗೆ ಬಂದು, ಗಾಡಿಗಳನ್ನು ಕೊಂಡ. ಹಾರ ಹಾಕಿಸಿಕೊಂಡದ್ದು ಮಾತ್ರ ಚೀಫ್. ಭಾಷಣದಲ್ಲಿ "ಚಾಲಕನ ಜೀವವೇ ನನಗೆ ಮುಖ್ಯ" ಅಂದರು. ನಾಚಿಕೆ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ.

ಇವತ್ತು ಅವರ ಕುರ್ಚಿಯಲ್ಲಿ ನಾನಿದ್ದೇನೆ. ಯಾವ ನಕ್ಷೆಗೆ ಸಹಿ ಹಾಕುವ ಮೊದಲೂ ಆ ಸೀಟಿನಲ್ಲಿ ಕೂತು, ಮುಚ್ಚಳ ಹಾಕಿಸಿಕೊಂಡು, ನಾನೇ ತೆಗೆದು ಹೊರಗೆ ಬರುತ್ತೇನೆ. ಇದನ್ನು ಕಲಿತದ್ದು ಅವರನ್ನು ನೋಡಿಯೇ. ಹಾಗೆ ನೋಡಿದರೆ ಅವರನ್ನು ಗುರು ಅನ್ನಬೇಕು. ಏನು ಮಾಡಲಿ, ಬಾಯಿ ಬರುವುದಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ಸಂತಾಪ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಫಿರಂಗಿಯ ಪಿತಾಮಹ ಅಂತ ಹೊಗಳಿದರು. ನನ್ನನ್ನೂ ಎರಡು ಮಾತಿಗೆ ಕರೆದರು. "ಅವರು ಆ ಗಾಡಿಯಲ್ಲಿ ಒಂದು ಸಲವೂ ಕೂರಲಿಲ್ಲ" ಅಂತಷ್ಟೇ ಹೇಳಿ ಬಂದು ಕೂತೆ.

ಹಿಂದಿನ ಸಾಲಿನಿಂದ ಚಾಲಕರು ಎದ್ದರು. ಫೋಟೊದ ಮುಂದೆ ಹಾಸಿದ್ದ ಜಮಖಾನೆಯ ಅಂಚಿನಲ್ಲಿ ಚಪ್ಪಲಿ ಬಿಟ್ಟರು. ಸುಟ್ಟ ಕೈಯಿಂದಲೇ ಹೂವು ಹಾಕಿ, ಕೈ ಮುಗಿದು ಬಂದರು. ನನಗೆ ಅಷ್ಟು ದೊಡ್ಡ ಮನಸ್ಸಿಲ್ಲ. ನಾನು ಹೂವು ಹಾಕಲಿಲ್ಲ.