ಉಪ್ಪಿಟ್ಟಿನ ಇಂಗ್ಲಿಷು

ನಿನ್ನೆ ಸಂಜೆ ಈರುಳ್ಳಿ ಒಗ್ಗರಣೆಯ ಘಮ ಮನೆ ತುಂಬಿತ್ತು. ಸೊಸೆ ಮೊಮ್ಮಗಳ ಎದುರಿಗೇ ನನಗೆ ಹೇಳಿದಳು: "ಅತ್ತೆ, ನಾಳೆ ಇವಳಿಗೆ ಸೂಜಿ ಹಾಕಿಸ್ಬೇಕು. ಕನ್ನಡದಲ್ಲೇ ಮಾತಾಡಿ, ಅವಳಿಗೆ ತಿಳಿಯಲ್ಲ." ಕಾನ್ವೆಂಟಿನ ಮಗು ಪಾಪ, ನಮ್ಮಿಬ್ಬರನ್ನೂ ನೋಡಿ ನಗುತ್ತಿತ್ತು.

ಗುಟ್ಟಿನ ಭಾಷೆ ಎಂದರೆ ನಮ್ಮ ಕಾಲದಲ್ಲಿ ಇಂಗ್ಲಿಷ್ ಕಣ್ರೀ! ಎಪ್ಪತ್ತರ ದಶಕದ, ತೆಲುಗು ಗಡಿಯ ನಂಗಲಿ ಕಡೆಯ ಶಾಲೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಮಾತ್ರ ಹೆಡ್‌ಮಾಸ್ತರರ ಸ್ವಂತ ಆಸ್ತಿ. ಹಸುವಿನ ಮೇಲಿನ ಪ್ರಬಂಧವನ್ನು ಅವರು ನಮ್ಮಿಂದ ಉರು ಹೊಡೆಸಿದ್ದರು. ದಿನಾ ಹಾಲು ಕರೆಯುವ ನಮಗೆ ಅದು ಹಸುವಿನ ವಿಷಯ ಅಂತಲೇ ಗೊತ್ತಿರಲಿಲ್ಲ.

ಆಗ ಬಂದರು, ಬೆಂಗಳೂರಿನಲ್ಲಿ ತರಬೇತಿ ಮುಗಿಸಿದ ಹೊಸ ಮೇಷ್ಟ್ರು. ಭಾಷೆ ಮೊದಲು ಅರ್ಥವಾಗಬೇಕು, ವ್ಯಾಕರಣ ಆಮೇಲೆ ಅಂತ ಅವರ ಹಟ. ತರಗತಿಗೇ ಸೀಮೆಎಣ್ಣೆ ಸ್ಟೌ ತಂದು ಉಪ್ಪಿಟ್ಟು ಮಾಡುತ್ತಾ, "ಟೇಕ್ ದಿ ಆನಿಯನ್! ಲೀವ್ ದಿ ಚಿಲ್ಲಿ!" ಎಂದು ಕುಣಿಯುತ್ತಿದ್ದರು. ಕೋಳಿಯನ್ನೂ ಹಿಡಿದು ತಂದು ಹೆನ್ ಎಂದು ಪರಿಚಯ ಮಾಡಿಸಿದರು. ಎಲ್ಲವೂ ತಿಳಿಯುತ್ತಿತ್ತು, ಹೊಟ್ಟೆಯೂ ತುಂಬುತ್ತಿತ್ತು. ನಮ್ಮಪ್ಪ ಮಾತ್ರ, "ಏಂದೇ ಇದಿ! ಇಂಗ್ಲಿಷ್ ಕಲಿಯೇ ಅಂದ್ರೆ ಉಪ್ಪಿಟ್ಟು ತಿಂದ್ಕೊಂಡ್ ಬರ್ತೀಯಾ?" ಎಂದು ಗದರಿಸಿದರು.

ಒಂದು ದಿನ ಶಾಲೆ ತಪಾಸಣೆಗೆ ಇನ್‌ಸ್ಪೆಕ್ಟರ್ ಬಂದರು. ಅವರ ದಾರಿಖರ್ಚಿಗೆ ಎಂದಿನಂತೆ ಒಂದು ನಾಟಿ ಕೋಳಿ ಬಾಗಿಲ ಹತ್ತಿರ ಕಾಲು ಕಟ್ಟಿಸಿಕೊಂಡು ಕಾಯುತ್ತಿತ್ತು. "ನಾಮಪದ ಎಂದರೇನು?" ಎಂದು ಕೇಳಿದರು. ವ್ಯಾಕರಣಕ್ಕೆ ನಾವಿನ್ನೂ ಬಂದೇ ಇರಲಿಲ್ಲ. ಮೇಷ್ಟ್ರ ಮುಖ ಸಣ್ಣದಾಯಿತು. ಇನ್‌ಸ್ಪೆಕ್ಟರ್ ನಮ್ಮೆದುರಿಗೇ, ನಮಗೆ ತಿಳಿಯದೆಂದು ಧಾರಾಳವಾಗಿ ಇಂಗ್ಲಿಷಿನಲ್ಲಿ, ಹೆಡ್‌ಮಾಸ್ತರರಿಗೆ ಎರಡು ಅಪ್ಪಣೆ ಕೊಟ್ಟರು: ಕೋಳಿಯನ್ನು ಜೀಪಿಗೆ ಹಾಕಿ, ಈ ಅಡುಗೆ ಮೇಷ್ಟ್ರನ್ನು ಇಲ್ಲಿಂದ ಸಾಗಹಾಕಿ.

ನನಗೆ ಎಲ್ಲಿಂದ ಧೈರ್ಯ ಬಂತೋ, ಎದ್ದು ನಿಂತೆ. "ನೋ ಸರ್! ಟೇಕ್ ದಿ ಹೆನ್, ಸರ್. ಲೀವ್ ದಿ ಮಾಸ್ಟರ್!"

ಮೇಷ್ಟ್ರು ಕಣ್ಣೊರೆಸಿಕೊಂಡರು. ಅಂದು ಒಲೆಯ ಮೇಲೆ ಈರುಳ್ಳಿ ಇರಲಿಲ್ಲ.

ಪಾಠ ಹತ್ತಿದ್ದಕ್ಕೆ ಇನ್ನೇನು ಸಾಕ್ಷಿ ಬೇಕು, ನೀವೇ ಹೇಳಿ. ಹೆಡ್‌ಮಾಸ್ತರರಿಗೂ ಅದೇ ಸಾಕಾಯಿತು. "ಇನ್ಮೇಲೆ ಹುಡುಗರ ಮುಂದೆ ನಾವು ಮಾತಾಡೋ ಹಂಗೇ ಇಲ್ವಲ್ರೀ!" ಎಂದು ತಲೆ ಚಚ್ಚಿಕೊಂಡರು. ಕೋಳಿಯೂ ಹೋಯಿತು, ಮೇಷ್ಟ್ರೂ ವರ್ಗವಾಗಿ ಶ್ರೀನಿವಾಸಪುರದ ಕಡೆ ಹೋದರು. ನಾವು ಮತ್ತೆ ಹಸುವಿನ ಪ್ರಬಂಧಕ್ಕೆ ಬಂದೆವು. ನನಗೆ ಇವತ್ತಿಗೂ ಸಿಟ್ಟಿದೆ.

ಇವತ್ತು ಬೆಳಿಗ್ಗೆ ಮೊಮ್ಮಗಳನ್ನು ಅಡುಗೆಕಟ್ಟೆಯ ಮೇಲೆ ಕೂರಿಸಿಕೊಂಡೆ. "ನೋಡು ಪುಟ್ಟಿ, ಈರುಳ್ಳಿ ಹೆಚ್ತೀನಿ. ಕಣ್ಣಲ್ಲಿ ನೀರು." ಮಗು ನನ್ನ ಕೆನ್ನೆ ಮುಟ್ಟಿ "ನೀರು" ಎಂದಿತು. "ಉಪ್ಪು ಬೇಕಾ, ಬೇಡ್ವಾ?" ಚಿಟಿಕೆ ನೆಕ್ಕಿ, ಮುಖ ಕಿವಿಚಿ, "ಬೇಡ" ಎಂದಿತು. ಆಮೇಲೆ ಹೊಲಿಗೆ ಡಬ್ಬಿಯಿಂದ ಸೂಜಿ ತೆಗೆದು, ಅವಳ ತೋಳು ತೋರಿಸಿ, ಡಾಕ್ಟರ್ ಹೇಗೆ ಚುಚ್ಚುತ್ತಾರೆಂದು ನಟಿಸಿದೆ. "ಇದು ಸೂಜಿ. ನಾನೂ ಜೊತೇಲಿ ಬರ್ತೀನಿ."

ಮಗು ತೋಳನ್ನು ಹಿಂದಕ್ಕೆ ಎಳೆದುಕೊಂಡಿತು. "ಅಜ್ಜಿ, ಸೂಜಿ ಬೇಡ."

ಸೊಸೆ ಬಾಗಿಲಲ್ಲೇ ನಿಂತುಬಿಟ್ಟಳು. "ಏನತ್ತೆ ಹಿಂಗ್ ಮಾಡಿದ್ರಿ! ಇನ್ನು ನಾವು ಯಾವ ಭಾಷೇಲಿ ಮಾತಾಡೋದು?"

"ಯಾವುದಾದ್ರೂ ಸರಿ ಕಣಮ್ಮ," ಎಂದೆ. "ಅವಳ ಜೊತೆ ಮಾತಾಡು."